ಬಾಯಿಮಾತು ಊರಮಾತಾಗುವ ಬಗೆ

ಕೆಲವರ ಮಾತಿಗೆ ಒಂದು ಪಲ್ಲವಿ ಇರುತ್ತದೆ. ಎರಡು ವಾಕ್ಯಕ್ಕೊಮ್ಮೆ 'ಅರ್ಥವಾಯಿತಲ್ಲ?' ಎನ್ನುವವರನ್ನೂ, ಏನು ಹೇಳುವುದಿದ್ದರೂ 'ಅದೇ ನೋಡಿ' ಎಂದು ಮೊದಲುಮಾಡುವವರನ್ನೂ ನೀವು ಬಲ್ಲಿರಿ. ಅವರ ಬೆನ್ನ ಹಿಂದೆ ಅದನ್ನು ಅನುಕರಿಸಿ ನಕ್ಕದ್ದೂ ಉಂಟು. ಆ ನಗು ಮನೆಯ ಜಗುಲಿಯನ್ನೋ ಶಾಲೆಯ ಅಂಗಳವನ್ನೋ ದಾಟುತ್ತಿರಲಿಲ್ಲ. ದಾಟಬೇಕಾದರೆ ರೇಡಿಯೋದಂಥ ಸಾಧನ ಬೇಕಾಗಿತ್ತು. ಆಕಾಶವಾಣಿಯಲ್ಲಿ 1974ರಿಂದ ಸಂಸ್ಕೃತ ವಾರ್ತೆ ಬರತೊಡಗಿದ ಮೇಲೆ 'ಸಂಪ್ರತಿ ವಾರ್ತಾಃ ಶ್ರೂಯಂತಾಂ' ಎಂಬ ಮಾತು ಸಂಸ್ಕೃತದ ಗಂಧವಿಲ್ಲದ ಹುಡುಗರ ಬಾಯಲ್ಲೂ ಆಡಿತು. ಸುದ್ದಿ ಏನೆಂಬುದು ಅವರಿಗೆ ಬೇಕಿರಲಿಲ್ಲ. ರಾಗ ಕಿವಿಯಲ್ಲಿ ನಿಂತಿತ್ತು, ಅಷ್ಟೆ.

ಈಗ ಆ ಕೆಲಸವನ್ನು ಅಂತರಜಾಲ ವಹಿಸಿಕೊಂಡಿದೆ. ಹಾಗೆ ಹರಡುವುದಕ್ಕೆ 'ಮೀಮ್' ಎಂದು ಹೆಸರು. ಹೆಸರು ಜಾಲಕ್ಕಿಂತ ಹಳೆಯದು. ರಿಚರ್ಡ್ ಡಾಕಿನ್ಸ್ ಎಂಬ ಜೀವವಿಜ್ಞಾನಿ 1976ರಲ್ಲಿ ತಮ್ಮ 'ದಿ ಸೆಲ್ಫಿಶ್ ಜೀನ್' ಗ್ರಂಥದಲ್ಲಿ, ಅನುಕರಣೆಯ ಅರ್ಥವುಳ್ಳ ಗ್ರೀಕ್ ಮೂಲವನ್ನು 'ಜೀನ್' ಎಂಬುದಕ್ಕೆ ಹೊಂದುವಂತೆ ಮೊಟಕುಮಾಡಿ ಇದನ್ನು ಟಂಕಿಸಿದರು. ತಲೆಯಿಂದ ತಲೆಗೆ ದಾಟುವ ರಾಗ, ಉಡುಗೆಯ ರೀತಿ, ಬಾಯಿಗೆ ಅಂಟುವ ನುಡಿ ಇವೆಲ್ಲವನ್ನೂ ಅವರು ಆಗಲೇ ಇದರಲ್ಲಿ ಸೇರಿಸಿದ್ದರು.

ನಮ್ಮಲ್ಲೇ ನಡೆದ ಸಂಗತಿಯನ್ನು ನೋಡೋಣ. 2016ರಲ್ಲಿ 'ಜಾಗ್ವಾರ್' ಚಲನಚಿತ್ರದ ಸಮಾರಂಭವೊಂದರಲ್ಲಿ ಎಚ್. ಡಿ. ಕುಮಾರಸ್ವಾಮಿಯವರು, ಚಿತ್ರದ ನಾಯಕನಾದ ತಮ್ಮ ಮಗನನ್ನು ವೇದಿಕೆಯಿಂದ 'ನಿಖಿಲ್, ಎಲ್ಲಿದ್ದೀಯಪ್ಪಾ?' ಎಂದು ಕರೆದರು. ಜನರ ನಡುವಿನಿಂದ ಮಗನ ಉತ್ತರ ಬಂತು. ಸಮಾರಂಭ ಮುಗಿಯಿತು. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎನ್ನುವ ಗಾದೆಯಲ್ಲಿ ಮಾತು ಹೋಗುವುದಾದರೂ ಉಂಟು. ಕ್ಯಾಮರಾಕ್ಕೆ ಸಿಕ್ಕಿದ ಮಾತು ಹೋಗುವುದೇ ಇಲ್ಲ. 2019ರಲ್ಲಿ ತಂದೆ ಮುಖ್ಯಮಂತ್ರಿ, ಮಗ ಮಂಡ್ಯ ಲೋಕಸಭಾ ಕ್ಷೇತ್ರದ ಅಭ್ಯರ್ಥಿ. ಮೂರು ವರ್ಷ ಮಲಗಿದ್ದ ಆ ತುಣುಕು ಎದ್ದು ಕುಳಿತಿತು.

ಇದೇ ಮಾತು ಏಕೆ ಹಬ್ಬಬೇಕು? ಇದರಲ್ಲಿ ಜಾಣತನವೇನೂ ಇಲ್ಲ. ಕತ್ತಲಾದರೂ ಮನೆಗೆ ಬಾರದ ಮಗನನ್ನು ತಾಯಿ ಫೋನಿನಲ್ಲಿ ಕೇಳುವುದು ಇದನ್ನೇ. ಆದರೆ ಆ 'ಅಪ್ಪಾ' ಎಂಬುದನ್ನು ಗಮನಿಸಿ. ಕನ್ನಡದಲ್ಲಿ ಮಗನನ್ನೂ ಅಪ್ಪಾ ಎನ್ನುತ್ತೇವೆ, ಹಾಲಿನವನನ್ನೂ ಎನ್ನುತ್ತೇವೆ, ಸಾಲ ತೀರಿಸದವನನ್ನೂ 'ಏನಪ್ಪಾ' ಎಂದೇ ಹಿಡಿಯುತ್ತೇವೆ. ಮೆಲ್ಲಗೆ ಅಂದರೆ ಅಕ್ಕರೆ. ಎಳೆದು ಅಂದರೆ ಅಣಕ. ಅಕ್ಷರ ಒಂದೂ ಬದಲಾಗಬೇಕಿಲ್ಲ. ಜೊತೆಗೆ ಹೆಸರಿನ ಜಾಗವೊಂದು ಖಾಲಿ ಇದೆ. ನಿಖಿಲನ ಬದಲು ಯಾರನ್ನು ಬೇಕಾದರೂ ಅಲ್ಲಿ ಕೂರಿಸಬಹುದು. ಕರೆಗೆ ಓಗೊಡುವ ಇನ್ನೊಬ್ಬ ಬೇಕು, ಆದ್ದರಿಂದ ಇಬ್ಬರು ಗೆಳೆಯರಿದ್ದರೆ ಒಂದು ಪುಟ್ಟ ನಾಟಕವೇ ಆಯಿತು. ಜನ ಆಡಿದ್ದೂ ಅದನ್ನೇ. (ಆ ಹೆಸರಿನ ಶಾಲಾಬಾಲಕರ ಪಾಡನ್ನು ನೀವೇ ಊಹಿಸಿಕೊಳ್ಳಿ.)

ಮಂಡ್ಯದಲ್ಲಿ ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ 1 ಲಕ್ಷ 25 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಮೀಮೇ ಸೋಲಿಸಿತೆನ್ನುವುದು ಅತಿಮಾತು. ಮತದಾರನ ಲೆಕ್ಕ ಅಷ್ಟು ಹಗುರವಾದುದಲ್ಲ. ಆದರೆ ತಂದೆಯೊಬ್ಬರು ಮಗನನ್ನು ಕರೆದ ಕೂಗು ಅವರದಾಗಿ ಉಳಿಯಲಿಲ್ಲ. ರಾಜಕೀಯದಲ್ಲಿ ಇಂಥದು ಸಹಜವೆನ್ನಬಹುದು. ನನಗೆ ಮಾತ್ರ ಅದು ಕೊಂಚ ಕ್ರೂರವಾಗಿ ಕಾಣುತ್ತದೆ.

ಅದೇ ವರ್ಷ ಇನ್ನೊಂದು ನಡೆಯಿತು. ಡಿಸೆಂಬರ್ 5ರ ಉಪಚುನಾವಣೆಗೆ ಮುಂಚೆ, ಬೆಳಗಾವಿ ಜಿಲ್ಲೆಯ ಕಾಗವಾಡ ಕ್ಷೇತ್ರದ ಪ್ರಚಾರ ಸಭೆಯಲ್ಲಿ ಸಿದ್ದರಾಮಯ್ಯನವರು ಇಂದಿರಾ ಗಾಂಧಿಯವರ ವಿಷಯ ಎತ್ತಿದಾಗ, ಕೇಳುತ್ತಿದ್ದವರಲ್ಲೊಬ್ಬರು 'ಹೌದು ಹುಲಿಯಾ' ಎಂದರು. ಉತ್ತರ ಕರ್ನಾಟಕದಲ್ಲಿ ಇದು ಭೇಷ್ ಎಂದಂತೆ; ಮಾತುಗಾರನಿಗೆ ಹುರುಪು ತುಂಬುವ ಉದ್ಗಾರ. ಇದಕ್ಕೆ ಹೆಸರನ್ನು ಬದಲಿಸುವ ಶ್ರಮವೂ ಇಲ್ಲ, ಯಾವ ಭಾಷಣದ ಬಾಲಕ್ಕಾದರೂ ಕಟ್ಟಬಹುದು. ಕೆಲವೇ ದಿನಗಳಲ್ಲಿ ನಾಡೆಲ್ಲ ಕಟ್ಟಿತು. ಹುಲಿ ಎಂಬ ಬಿರುದು ಸಿದ್ದರಾಮಯ್ಯನವರಿಗೆ ಅಂಟಿತು. ಅವರ ಅಭಿಮಾನಿಗಳಿಗೆ ಅದು ಜಯಕಾರವಾಯಿತು, ಎದುರಾಳಿಗಳಿಗೆ ಕುಟುಕುಮಾತಾಯಿತು.

ಬೆಳಗಾವಿ ಸೀಮೆಯನ್ನು ಕಣ್ಣಾರೆ ಕಾಣದ ಬೆಂಗಳೂರು, ಮೈಸೂರುಗಳ ಹುಡುಗರೂ ಆ ಕೊನೆಯ 'ಯಾ'ವನ್ನು ಉದ್ದಕ್ಕೆ ಎಳೆದು ನಗುತ್ತಾರೆ. ಆ ಎಳೆತದಲ್ಲಿ ಆಡಿದವರ ಮೆಚ್ಚುಗೆ ಎಷ್ಟು ಉಳಿದಿದೆ, ಅವರ ಕಡೆಯ ಕನ್ನಡವನ್ನು ಕುರಿತ ನಗೆ ಎಷ್ಟು ಬೆರೆತಿದೆ, ಮುಂದಿನ ಸಲ ಕೇಳಿದಾಗ ನೀವೇ ಕಿವಿಗೊಟ್ಟು ನೋಡಿ.