ಕಿತ್ತಳೆ ಪಟ್ಟಿಯ ಪೀಪಾಯಿ



ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರು ಅಮೆರಿಕದಲ್ಲಿ ನಮ್ಮ ನೆರೆಹೊರೆಯವರೇ ಆಗಿದ್ದಾರೆ. ಪ್ರತಿ ನವೆಂಬರ್ 11ರಂದು ಅವರಿಗೆ ವಂದಿಸುತ್ತೇವೆ. ಅವರ ಕಾಯಿಲೆಯ ಕಥೆಯನ್ನು ನಾವು ಕೇಳಿದ್ದು ಕಡಮೆ.

1962ರಿಂದ 1971ರವರೆಗೆ ಅಮೆರಿಕದ ಸೇನೆಯು ದಕ್ಷಿಣ ವಿಯೆಟ್ನಾಮಿನ ಕಾಡು, ಗದ್ದೆಗಳ ಮೇಲೆ ಸುಮಾರು 2 ಕೋಟಿ ಗ್ಯಾಲನ್ ಸಸ್ಯನಾಶಕವನ್ನು ಸುರಿಯಿತು. ಶತ್ರುವಿಗೆ ಮರೆಯೂ ಅನ್ನವೂ ದೊರೆಯಬಾರದೆಂಬುದು ಉದ್ದೇಶ. ಹೆಚ್ಚಿನ ಪಾಲು ‘ಏಜೆಂಟ್ ಆರೆಂಜ್’. ಹೆಸರು ಬಂದದ್ದು ದ್ರವದ ಬಣ್ಣದಿಂದಲ್ಲ, ಪೀಪಾಯಿಗೆ ಬಳಿದ ಕಿತ್ತಳೆ ಪಟ್ಟಿಯಿಂದ. ತಯಾರಿಕೆಯಲ್ಲಿ ಬೆರೆತುಹೋದ ಡಯಾಕ್ಸಿನ್ ವಿಷವು ಎಲೆಗಳು ಉದುರಿದ ಮೇಲೂ ಸುಮ್ಮನಾಗಲಿಲ್ಲ.

ನದೀತೀರದ ಪೊದೆಗಳಲ್ಲಿ ಅವಿತವರು ದೋಣಿಗಳ ಮೇಲೆ ಗುಂಡು ಹಾರಿಸುತ್ತಿದ್ದುದರಿಂದ, ಆ ತೀರಗಳಿಗೆ ಇದನ್ನು ಸಿಂಪಡಿಸಲು ಆಜ್ಞಾಪಿಸಿದವರು ಅಡ್ಮಿರಲ್ ಎಲ್ಮೋ ಝುಮ್‌ವಾಲ್ಟ್. ಅದೇ ನದಿಗಳಲ್ಲಿ ದೋಣಿಯೊಂದರ ನಾಯಕನಾಗಿದ್ದವನು ಅವರ ಸ್ವಂತ ಮಗ. 1988ರಲ್ಲಿ, 42ನೆಯ ವಯಸ್ಸಿನಲ್ಲಿ, ಅವನು ಕ್ಯಾನ್ಸರಿನಿಂದ ತೀರಿಕೊಂಡನು. ತಮ್ಮ ಆಜ್ಞೆಯೇ ಮಗನ ರೋಗಕ್ಕೆ ಕಾರಣವೆಂದು ತಂದೆ ನಂಬಿದ್ದರು. ಅದು ಅನೇಕ ಯೋಧರ ಜೀವ ಉಳಿಸಿತೆಂದೂ ಹೇಳುತ್ತಿದ್ದರು. ಮಹಾಭಾರತವನ್ನು ಕೇಳಿ ಬೆಳೆದ ನಮಗೆ ಈ ಸಂಕಟ ಅಪರಿಚಿತವಲ್ಲ.

ಇನ್ನು ಪರಿಹಾರದ ಮಾತು. 1984ರಲ್ಲಿ ರಾಸಾಯನಿಕ ಕಂಪನಿಗಳು 18 ಕೋಟಿ ಡಾಲರಿಗೆ ರಾಜಿಯಾದವು. ಕೊನೆಗೆ ಸುಮಾರು 52,000 ಮಂದಿಗೆ ತಲಾ ಸರಾಸರಿ 3,800 ಡಾಲರು ಸಂದಿತು. ಆಸ್ಪತ್ರೆಯ ಬಿಲ್ಲನ್ನು ಕಂಡಿರುವ ನಾವು ಇದಕ್ಕೆ ಏನೆನ್ನಬೇಕು?

ನಿಜವಾದ ತಿರುವು 1991ರ ಕಾನೂನು. ನಿನ್ನ ರೋಗಕ್ಕೆ ಆ ವಿಷವೇ ಕಾರಣವೆಂದು ರುಜುವಾತು ಮಾಡು ಎಂದು ರೋಗಿಯನ್ನು ಕೇಳುವುದು ತಪ್ಪಿತು. ವಿಯೆಟ್ನಾಮಿನಲ್ಲಿ ಸೇವೆ ಸಲ್ಲಿಸಿದ್ದು, ಪಟ್ಟಿಯಲ್ಲಿರುವ ರೋಗ ಬಂದಿದ್ದರೆ ಸಂಬಂಧವಿದೆಯೆಂದೇ ಸರ್ಕಾರ ಭಾವಿಸಬೇಕು. ಪಟ್ಟಿ ಮಾತ್ರ ಆಮೆಯಂತೆ ಬೆಳೆಯಿತು: 2001ರಲ್ಲಿ ಸಕ್ಕರೆ ಕಾಯಿಲೆ, 2010ರಲ್ಲಿ ಪಾರ್ಕಿನ್ಸನ್ಸ್, 2022ರ ಪ್ಯಾಕ್ಟ್ ಕಾನೂನಿನಿಂದ ರಕ್ತದೊತ್ತಡ. ನೆಲದ ಮೇಲೆ ಕಾಲಿಟ್ಟಿಲ್ಲವೆಂದು ಹೊರಗುಳಿದಿದ್ದ, ಕರಾವಳಿಯ ಹಡಗುಗಳ ನಾವಿಕರಿಗೆ 2019ರಲ್ಲಷ್ಟೇ ಬಾಗಿಲು ತೆರೆಯಿತು. ಅಷ್ಟರಲ್ಲಿ ಎಷ್ಟೋ ಮಂದಿ ತೀರಿಹೋಗಿದ್ದರು.

ವಿಯೆಟ್ನಾಮಿನ ರೈತರ ಗತಿ ಬೇರೆ. ಅವರ ಪರವಾಗಿ ಕಂಪನಿಗಳ ಮೇಲೆ ಹೂಡಿದ ದಾವೆಯನ್ನು ನ್ಯೂಯಾರ್ಕಿನ ನ್ಯಾಯಾಲಯ 2005ರಲ್ಲಿ ವಜಾ ಮಾಡಿತು.

ನಮ್ಮಲ್ಲಿ ವೈದ್ಯರು ಅನೇಕರಿದ್ದೀರಿ. ರಕ್ತದೊತ್ತಡದ ವೃದ್ಧರೊಬ್ಬರು ಬಂದಾಗ, ಸೈನ್ಯದಲ್ಲಿದ್ದಿರಾ, ಎಲ್ಲಿ, ಯಾವಾಗ ಎಂದು ದಯವಿಟ್ಟು ಕೇಳಿರಿ. ಹಿಂದೆ ಅರ್ಜಿ ತಿರಸ್ಕೃತವಾದವರೂ ಮತ್ತೆ ಸಲ್ಲಿಸಬಹುದು. ಗಂಡನನ್ನು ಕಳೆದುಕೊಂಡ ಹೆಂಡತಿಯೂ ಕೇಳಬಹುದು.