ಶಸ್ತ್ರಕ್ರಿಯೆಯ ತರುವಾಯದ ನೋವೂ ಬಿಂದುಚಿಕಿತ್ಸೆಯೂ



ಯಶವಂತಪುರದಿಂದ ತುಮಕೂರು ಮಾರ್ಗವಾಗಿ ಹೋಗುವಲ್ಲಿ ಸಿಕ್ಕುವ ಜಿಂದಾಲ್ ಪ್ರಕೃತಿಚಿಕಿತ್ಸಾಲಯದಲ್ಲಿ ಚೀನದೇಶದ ಸೂಜಿಚಿಕಿತ್ಸೆಯೂ ಉಂಟೆಂಬುದು ತಮ್ಮಲ್ಲನೇಕರು ಬಲ್ಲ ಸಂಗತಿ. ಆ ಚಿಕಿತ್ಸೆಯ ಬಿಂದುಗಳೂ ಸುಶ್ರುತಾಚಾರ್ಯರು ಹೇಳಿದ 107 ಮರ್ಮಗಳೂ ಒಂದೇ ಎಂದು ಕೆಲವರು ಹೆಮ್ಮೆಪಡುವರು. ಅದು ಸರಿಯಲ್ಲ. ಸುಶ್ರುತರ ಮರ್ಮಗಳು ಶಸ್ತ್ರವೈದ್ಯನು ಗಾಯವಾಗದಂತೆ ಕಾಯತಕ್ಕ ಸ್ಥಾನಗಳು. ಚೀನೀಯರ ಬಿಂದುಗಳಾದರೋ ಚುಚ್ಚಿ ಅಥವಾ ಒತ್ತಿ ಉಪಶಮನವನ್ನು ಪಡೆಯತಕ್ಕವು.

1971ರಲ್ಲಿ ಅಮೆರಿಕದ ಪತ್ರಿಕಾಕರ್ತನಾದ ಜೇಮ್ಸ್ ರೆಸ್ಟನ್ನನಿಗೆ ಪೀಕಿಂಗಿನಲ್ಲಿ ಅಪೆಂಡಿಕ್ಸಿನ ಶಸ್ತ್ರಕ್ರಿಯೆಯಾಯಿತು. ಸೂಜಿಗಳ ಬಲದಿಂದಲೇ ಹೊಟ್ಟೆಯನ್ನು ಕೊಯ್ದರೆಂಬ ಕಥೆ ಲೋಕದಲ್ಲೆಲ್ಲ ಹಬ್ಬಿತು. ಕೊಯ್ದದ್ದು ಜೋಮುಬರಿಸುವ ಔಷಧವನ್ನು ಕೊಟ್ಟೇ! ಎರಡನೆಯ ರಾತ್ರಿ ಹೊಟ್ಟೆಯುಬ್ಬರದ ಸಂಕಟಕ್ಕೆ ಮಾತ್ರ ಮೊಳಕೈಗೂ ಮೊಣಕಾಲುಗಳ ಕೆಳಗೂ ಸೂಜಿಗಳನ್ನು ಹಾಕಿದರು; ಒಂದು ಗಂಟೆಯೊಳಗೆ ಹಗುರವಾಯಿತೆಂದು ಆತನೇ ಬರೆದನು.

ಶಸ್ತ್ರಕ್ರಿಯೆಯ ತರುವಾಯ ಬರುವ ಓಕರಿಕೆಗೆ, ಮಣಿಕಟ್ಟಿನ ಒಳಮಗ್ಗುಲಲ್ಲಿ ಗೆರೆಯಿಂದ ಮೂರು ಬೆರಳಗಲ ಮೇಲಿರುವ ಬಿಂದುವನ್ನು ಪ್ರಚೋದಿಸುವುದರಿಂದ ಗುಣವುಂಟೆಂಬುದು ಅನೇಕ ಪರೀಕ್ಷೆಗಳಿಂದ ಕಂಡುಬಂದಿದೆ. ನೋವಿನ ವಿಷಯದಲ್ಲಿ ಆಧಾರವು ಅಷ್ಟು ದೃಢವಲ್ಲ. ಕೆಲವರಿಗೆ ಔಷಧಿಯು ಸ್ವಲ್ಪ ಕಡಮೆ ಸಾಕಾಗಬಹುದು, ಅಷ್ಟೇ. ಹೀಗಿರಲು, ಹೊಲಿಗೆಯಿನ್ನೂ ಮಾಯದ ರೋಗಿಯ ಬಳಿ ಕುಳಿತು ಗುಳಿಗೆಯನ್ನು ಬಿಡು, ಒತ್ತಿಸಿಕೊಂಡರೆ ಸಾಕೆನ್ನುವ ನೆಂಟರು ಅಪಾಯವನ್ನೇ ತರುವರು. ನೋವಿಗಂಜಿ ಕೆಮ್ಮದೆ, ಉಸಿರನ್ನು ಬಿಗಿಹಿಡಿದು ಮಲಗಿದವನ ಪುಪ್ಪುಸಗಳಲ್ಲಿ ಕಫವು ನಿಲ್ಲುವುದು. ದಿನದಿನಕ್ಕೆ ಏರುವ ನೋವಾದರೆ ಅದನ್ನು ಒತ್ತಿ ಅಡಗಿಸದೆ, ಕೊಯ್ದ ವೈದ್ಯರಿಗೆ ಕೂಡಲೆ ತಿಳಿಸತಕ್ಕದ್ದು.