ತೆರಿಗೆಯ ರಿಯಾಯಿತಿಯೂ ಷೇರಿನ ಉಳಿತಾಯವೂ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನುಡಿಯ ಹಬ್ಬದಲ್ಲಿ ಹಣದ ಮಾತೇಕೆಂದು ಕೆಲವರಿಗೆ ತೋರಬಹುದು. ಆದರೆ ಮನೆ ನಿಂತರೆ ತಾನೇ ಮನೆಯೊಳಗಿನ ನುಡಿ ನಿಲ್ಲುವುದು? ಅದಿಯಮಾನ್‌ಕೋಟೆಯ ಸುತ್ತಣ ನಮ್ಮ ಮಕ್ಕಳು ಹೊಸೂರು, ಬೆಂಗಳೂರುಗಳಲ್ಲಿ ಸಂಬಳಕ್ಕೆ ದುಡಿಯುತ್ತಿದ್ದಾರೆ. ಫೆಬ್ರವರಿ ಬಂತೆಂದರೆ “ತೆರಿಗೆ ಉಳಿಯುತ್ತದೆ, ಸಹಿ ಮಾಡಿ” ಎನ್ನುವವರು ಅವರನ್ನೂ, ಅವರ ಮೂಲಕ ನಮ್ಮನ್ನೂ ಹುಡುಕಿಕೊಂಡು ಬರುತ್ತಾರೆ. ಆದುದರಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಷೇರೆಂದರೆ ಒಂದು ಉದ್ಯಮದ ಒಡೆತನದಲ್ಲಿ ಒಂದು ಪಾಲು. ಉದ್ಯಮ ಬೆಳೆದರೆ ಪಾಲೂ ಬೆಳೆಯುವುದು, ಸೊರಗಿದರೆ ಸೊರಗುವುದು. ಅಂಚೆ ಕಚೇರಿಯ ಠೇವಣಿಯಂತೆ ಇಷ್ಟೇ ಬಡ್ಡಿಯೆಂಬ ಭರವಸೆ ಅಲ್ಲಿಲ್ಲ. ಈ ಅಂಜಿಕೆಯನ್ನು ಕಳೆದು ಜನಸಾಮಾನ್ಯರನ್ನು ಸೆಳೆಯಲು ಹಲವು ಸರಕಾರಗಳು ತೆರಿಗೆಯ ರಿಯಾಯಿತಿ ಇತ್ತಿವೆ. ಬ್ರಿಟನ್ 1999ರಲ್ಲಿಯೂ, ಜಪಾನ್ 2014ರಲ್ಲಿಯೂ ಇಂಥ ಖಾತೆಗಳನ್ನು ತೆರೆದವು. ಅವುಗಳೊಳಗಿನ ಷೇರುಗಳ ಲಾಭಕ್ಕೆ ತೆರಿಗೆಯಿಲ್ಲ. ನಮ್ಮಲ್ಲಿ 2012ರಲ್ಲಿ ರಾಜೀವ್ ಗಾಂಧಿ ಈಕ್ವಿಟಿ ಉಳಿತಾಯ ಯೋಜನೆ ಬಂದಿತು. ಮೊದಲ ಸಲ ಷೇರು ಕೊಳ್ಳುವವರು 50,000 ರೂಪಾಯಿವರೆಗೆ ತೊಡಗಿಸಿದರೆ, ಅದರ ಅರ್ಧವನ್ನು ತೆರಿಗೆಗೆ ಒಳಪಡುವ ವರಮಾನದಿಂದ ಕಳೆಯಲಾಗುತ್ತಿತ್ತು. 2017ರ ಏಪ್ರಿಲಿನಿಂದ ಹೊಸಬರಿಗೆ ಅದು ಮುಚ್ಚಿತು. ಉಳಿದಿರುವುದು ಮ್ಯೂಚುವಲ್ ಫಂಡುಗಳ ಮೂಲಕ ನಡೆಯುವ ಈ.ಎಲ್.ಎಸ್.ಎಸ್. ಎಂಬ ಯೋಜನೆ. ಅದರಲ್ಲಿ ಹಾಕಿದ ಹಣವನ್ನು ಮೂರು ವರ್ಷ ಮುಟ್ಟುವಂತಿಲ್ಲ.

ಹಾಕುವ ಹಣಕ್ಕೆ ರಿಯಾಯಿತಿ ಬೇರೆ, ಬರುವ ಲಾಭಕ್ಕೆ ವಿನಾಯಿತಿ ಬೇರೆ. ನಮ್ಮಲ್ಲಿ ಷೇರಿನ ದೀರ್ಘಾವಧಿ ಲಾಭಕ್ಕೆ ಇದ್ದ ಪೂರ್ಣ ವಿನಾಯಿತಿ 2018ರಲ್ಲಿ ಕೊನೆಗೊಂಡಿತು. 2024ರ ಜುಲೈಯಲ್ಲಿ, ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದ ಲಾಭಕ್ಕೆ ನೂರಕ್ಕೆ 12.5ರ ತೆರಿಗೆ ವಿಧಿಸಲಾಯಿತು. ಹಾಕುವ ಹಣದ ರಿಯಾಯಿತಿಯಾದರೂ ತೆರಿಗೆಯ ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. 2023-24ರಿಂದ ಏನನ್ನೂ ಆರಿಸದವರು ತಾವಾಗಿ ಹೊಸ ಪದ್ಧತಿಗೆ ಸೇರುತ್ತಾರೆ. ಇನ್ನು ರೈತರ ಕೃಷಿ ವರಮಾನಕ್ಕೆ ಕೇಂದ್ರದ ವರಮಾನ ತೆರಿಗೆಯೇ ಇಲ್ಲ. ಕಟ್ಟಬೇಕಾದ ತೆರಿಗೆಯೇ ಇಲ್ಲದವರಿಗೆ ಉಳಿಯುವ ತೆರಿಗೆ ಯಾವುದು?

ಲೆಕ್ಕ ಹಾಕಿ ನೋಡೋಣ. ನೂರಕ್ಕೆ 20ರಂತೆ ತೆರಿಗೆ ಕಟ್ಟುವವರು 50,000 ರೂಪಾಯಿ ಹಾಕಿದರೆ, ಉಪತೆರಿಗೆ ಬಿಟ್ಟು, ಉಳಿಯುವುದು 10,000. ಅದೂ ಒಂದೇ ಸಲ. 2008ರಲ್ಲಿ ಮುಂಬಯಿ ಷೇರುಪೇಟೆಯ ಸೂಚ್ಯಂಕ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಅಂಥ ವರ್ಷದಲ್ಲಿ 50,000ವು 25,000 ಆದರೆ, ಉಳಿಸಿದ 10,000 ಆ ನಷ್ಟವನ್ನು ತುಂಬಲಾರದು. ಸೂಚ್ಯಂಕ 2010ರಲ್ಲಿ ಮತ್ತೆ 20,000 ಮುಟ್ಟಿತೆಂಬುದೂ ನಿಜ. ಕಾಯಬಲ್ಲವರು ಚೇತರಿಸಿಕೊಂಡರು, ನಡುವೆ ಮಗಳ ಮದುವೆಗೋ ಆಸ್ಪತ್ರೆಗೋ ಮಾರಬೇಕಾದವರಿಗೆ ಆ ಅವಕಾಶ ಸಿಗಲಿಲ್ಲ.

ಹಾಗೆಂದು ಷೇರು ಬೇಡವೆಂದು ನಾವು ಹೇಳುವುದಿಲ್ಲ. ರಾಗಿ ವರ್ಷದೊಳಗೆ ಕಣಕ್ಕೆ ಬರುತ್ತದೆ. ಮಾವಿನ ಸಸಿ ವರ್ಷಗಳನ್ನು ಬೇಡುತ್ತದೆ. ರಾಗಿಯ ಹೊಲವನ್ನೆಲ್ಲ ಮಾವಿನ ತೋಪು ಮಾಡಿದ ರೈತ ಮುಂದಿನ ಸುಗ್ಗಿಯವರೆಗೆ ಏನುಣ್ಣಬೇಕು? ಇದೇ ವಿವೇಕ ಹಣಕ್ಕೂ ಸಲ್ಲುತ್ತದೆ. ಹತ್ತಿರದ ಖರ್ಚಿನ ಹಣ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಇರಲಿ. ಬಹುಕಾಲ ಬೇಡವಾದ ಹಣದ ಒಂದು ಪಾಲು ಮಾತ್ರ ಷೇರಿಗೆ ಹೋಗಲಿ.

ಸಹಿ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿರಿ: ನಮಗೆ ತೆರಿಗೆ ಇದೆಯೇ? ಈ ಹಣ ಎಷ್ಟು ವರ್ಷ ಬೇಡ? ನಮ್ಮ ನಂತರ ಯಾರಿಗೆ ಸೇರಬೇಕೆಂದು ಹೆಸರು ನಮೂದಿಸಿದ್ದೇವೆಯೇ? ಈ ಕಾಗದಗಳು ಕನ್ನಡದಲ್ಲಿ ನಮಗೆ ಸಿಗುವುದು ವಿರಳ. ಓದಬಲ್ಲ ಯುವಕ ಯುವತಿಯರು ಹಿರಿಯರಿಗೆ ಅವನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ. ಸಂಘದ ಸೇವೆಗಳಲ್ಲಿ ಇದೂ ಒಂದಾಗಲೆಂದು ನಮ್ಮ ಅರಿಕೆ.

ಅಪೂರ್ವವಾದ ನೆಲ್ಲಿಕಾಯಿಯನ್ನು ತಾನು ತಿನ್ನದೆ ಅವ್ವೈಯಾರಿಗೆ ಇತ್ತ ಅದಿಯಮಾನನ ಕಥೆಯನ್ನು ತಾವೆಲ್ಲ ಬಲ್ಲಿರಿ. ಉಳಿತಾಯವೂ ಇಂದು ತಾನುಣ್ಣದೆ ನಾಳಿನವರಿಗೆ ಎತ್ತಿಡುವ ಧರ್ಮವೇ. ಅದನ್ನು ಅರಿತು ಮಾಡೋಣ.